ಮೂವತ್ತೊಂದು ಮುಖ

ಬಸ್ಸು ತಿರುವಿನಲ್ಲಿ ವಾಲಿದಾಗಲೆಲ್ಲ ಅವಳು ತೊಡೆಯ ಮೇಲಿನ ಚೀಲವನ್ನು ಎರಡೂ ಕೈಯಿಂದ ಒತ್ತಿ ಹಿಡಿಯುತ್ತಿದ್ದಳು. ಒಳಗಿದ್ದದ್ದು ಒಂದು ಕ್ಯಾಮೆರಾ, ನಾಲ್ಕು ಹೊಸ ಸೆಲ್ಲು, ಮಡಿಸಿದ ಬಿಳಿ ಬಟ್ಟೆ. ಕಳ್ಳ ಕೂಡ ತಿರುಗಿಸಿ ನೋಡಿ ವಾಪಸ್ ಇಟ್ಟು ಹೋಗುವಂಥ ಕ್ಯಾಮೆರಾ ಅದು. ಆದರೂ ಅದು ಎಲ್ಲಿ ಬಾಯಿ ಬಿಟ್ಟು ಬಸ್ಸಿನ ತುಂಬ ಕೇಳುವಂತೆ ಏನು ಹೇಳಿಬಿಡುತ್ತದೋ ಎಂದು ಹೆದರಿದವಳ ಹಾಗೆ ಅದುಮಿಕೊಂಡಿದ್ದಳು. ಕಂಡಕ್ಟರ್ ಬಂದು ಎಲ್ಲಿಗೆ ಎಂದು ಕೇಳಿದ. ಉತ್ತರ ಗಂಟಲಿಗೆ ಬರುವಷ್ಟರಲ್ಲಿ ಅವನು ಹಿಂದಿನ ಸೀಟಿನವನಿಗೆ ಟಿಕೆಟ್ ಹರಿದುಕೊಟ್ಟು, ಮತ್ತೆ ಇವಳ ಕಡೆ ತಿರುಗಿ, ಏನಮ್ಮಾ, ಎಲ್ಲಿಗೆ ಹೊರಟೆ ಅನ್ನೋದೇ ಮರೆತುಹೋಯ್ತಾ ಎಂದ. ಪಕ್ಕದ ಹೆಂಗಸು ನಕ್ಕಳು. ಇವಳೂ ನಕ್ಕಳು, ನಗುವುದು ಮಾತಾಡುವುದಕ್ಕಿಂತ ಬೇಗ ಆಗುವ ಕೆಲಸ. ಆಸ್ಪತ್ರೆ ದಾಟಿ ಮೂರನೇ ನಿಲ್ದಾಣ ಎಂದಳು. ಅಲ್ಲಿರುವುದು ಮರೆವಿನವರ ಮನೆ ಎಂದು ಹೇಳಲಿಲ್ಲ, ಹೇಳಿದ್ದರೆ ಇನ್ನೊಂದು ನಗು ಏಳುತ್ತಿತ್ತು.

ಮೂವತ್ತೆರಡು ಹೆಸರು, ಮೂವತ್ತೊಂದು ಮುಖ. ಮೂರು ದಿನದಿಂದ ಈ ಎರಡು ಅಂಕಿಗಳು ಹಲ್ಲಿನ ಸಂದಿಗೆ ಸಿಕ್ಕಿಕೊಂಡ ನಾರಿನಂತೆ ಅವಳನ್ನು ಕಾಡುತ್ತಿದ್ದವು. ಆ ಮನೆಯಲ್ಲಿ ನೆನಪು ಕಳೆದುಕೊಂಡ ಮೂವತ್ತೆರಡು ಮಂದಿ ವಯಸ್ಸಾದವರಿದ್ದರು. ಹೆಸರು ಹಿಡಿದು ಕರೆದರೆ ಕೆಲವರು ತಿರುಗುತ್ತಿರಲಿಲ್ಲ, ಕೆಲವರು ಯಾರ ಹೆಸರು ಕರೆದರೂ ತಿರುಗುತ್ತಿದ್ದರು. ಅವರನ್ನು ಬೆರಳ ತುದಿಯಲ್ಲಿ ಬಲ್ಲ ಇಬ್ಬರು ಹಳೆಯ ನರ್ಸುಗಳು ಒಂದೇ ಸಲಕ್ಕೆ ಕೆಲಸ ಬಿಟ್ಟಿದ್ದರು, ಇವತ್ತಿನಿಂದ ಹೊಸಬಳೊಬ್ಬಳು ಬರುವವಳಿದ್ದಳು. ಅದಕ್ಕೇ ಒಬ್ಬೊಬ್ಬರ ಮಾತ್ರೆ ಡಬ್ಬಿಯ ಮೇಲೂ ಹೆಸರಿನ ಜೊತೆ ಫೋಟೋ ಇರುವ ಕಾರ್ಡು ಅಂಟಿಸಬೇಕೆಂದು ಆ ಮನೆಯ ಉಸ್ತುವಾರಿ ನೋಡುವ ಮೇಟ್ರನ್ ತೀರ್ಮಾನಿಸಿ ಅವಳ ಸೋದರಮಾವನ ಫೋಟೋ ಸ್ಟುಡಿಯೋಗೆ ಫೋನು ಮಾಡಿದ್ದು. ಮಾವ ಆ ದಿನ ಒಳ್ಳೆಯ ಕ್ಯಾಮೆರಾ ಹೊತ್ತುಕೊಂಡು ಒಂದು ಮದುವೆಗೆ ಹೋಗುವವನಿದ್ದ. ಗೋಡೆಗೆ ಬಿಳಿ ಬಟ್ಟೆ, ಮುಂದೆ ಒಂದು ಸ್ಟೂಲು, ಕೂರಿಸು, ಒತ್ತು, ಎಬ್ಬಿಸು, ಇದಕ್ಕೆ ನಾನು ಯಾಕೆ ಬೇಕು ಎಂದು ಮೂರು ದಿನದ ಹಿಂದೆ ಅವಳನ್ನು ಕಳಿಸಿದ್ದ.

ಕಳಿಸುವ ಮುಂಚೆ ಆ ಅಗ್ಗದ ಕ್ಯಾಮೆರಾವನ್ನು ಪಳಗಿಸುವ ಬಗೆ ಹೇಳಿಕೊಟ್ಟಿದ್ದ. ಅದು ಒಂದು ಫೋಟೋ ತೆಗೆದ ಮೇಲೆ ಸುಸ್ತಾಗಿ ಕೂತುಬಿಡುತ್ತಿತ್ತು. ಪರದೆ ಕಪ್ಪಾಗುತ್ತಿತ್ತು, ಪಕ್ಕದಲ್ಲಿ ಸಾಸಿವೆ ಕಾಳಿನಷ್ಟು ಕೆಂಪು ದೀಪ ಮಿಣುಕುತ್ತಿತ್ತು, ಅದು ನಿಲ್ಲುವವರೆಗೆ ಗುಂಡಿಯನ್ನು ಎಷ್ಟು ಒತ್ತಿದರೂ ಕಲ್ಲಿಗೆ ಒತ್ತಿದ ಹಾಗೆ. ಸೆಲ್ಲು ಹೊಸದಿದ್ದಾಗ ಐದಾರು ಸೆಕೆಂಡು, ಸೆಲ್ಲು ಸೋಲುತ್ತ ಬಂದರೆ ಹತ್ತು, ಹನ್ನೆರಡು. ಫ್ಲ್ಯಾಶ್ ಆರಿಸಿ ಕಿಟಕಿ ಬೆಳಕಲ್ಲಿ ತೆಗಿ, ಅರ್ಧ ಹೊತ್ತು ಉಳಿಯತ್ತೆ ಎಂದ ಮಾವ. ಫೋಟೋದ ಅಳತೆ ಚಿಕ್ಕದು ಮಾಡಿದ. ತೆಗೆದದ್ದನ್ನು ಪರದೆಯ ಮೇಲೆ ತೋರಿಸುವುದನ್ನೂ ನಿಲ್ಲಿಸಿದ. ಅದೊಂದು ಎರಡು ಸೆಕೆಂಡು ತಿನ್ನುತ್ತದೆ, ಯಾರ ಮುಖ ಹೇಗೆ ಬಂತು ಅಂತ ಅಲ್ಲೇ ನೋಡಿಕೊಂಡು ನಿಲ್ಲೋಕೆ ಇದೇನು ಹೆಣ್ಣು ನೋಡೋ ಕಾರ್ಯಕ್ರಮವಾ ಎಂದ. ಶಟರಿನ ಸದ್ದು ಆ ಕ್ಯಾಮೆರಾದಲ್ಲಿ ಎಂದೋ ಸತ್ತುಹೋಗಿತ್ತು. ಹಾಗಾಗಿ ಬೆಳಕು ಮಿಂಚದೆ, ಸದ್ದಾಗದೆ, ಚಿತ್ರ ಮೂಡದೆ, ಒಂದು ಫೋಟೋ ಆಯಿತೋ ಇಲ್ಲವೋ ಎಂದು ಹೇಳುವುದಕ್ಕೆ ಉಳಿದದ್ದು ಆ ಕೆಂಪು ದೀಪ ಒಂದೇ. ಎಲ್ಲ ಹೇಳಿ ಮುಗಿಸಿ ಮಾವ ಗಿರಾಕಿಗಳ ಎದುರಿಗೇ, ನೀನೂ ಈ ಡಬ್ಬಾನೂ ಒಂದೇ ಗಳಿಗೇಲಿ ಹುಟ್ಟಿದ್ದೀರಿ ಕಣೆ, ಚೆನ್ನಾಗಿ ಹೊಂದಿಕೊಳ್ತೀರಿ ಎಂದು ಬೆನ್ನು ತಟ್ಟಿದ. ಅವನದು ಕೆಟ್ಟ ಮನಸ್ಸಲ್ಲ. ಶಾಲೆ ಬಿಟ್ಟು ಮನೆಯಲ್ಲಿ ಕೂತವಳನ್ನು ಕರೆದು ಕೆಲಸ ಕಲಿಸಿದವನು ಅವನೇ. ಅದಕ್ಕೇ ಅವನ ತಮಾಷೆಗೆ ತಿರುಗಿ ಒಂದು ಮಾತೂ ಹೊಳೆಯುತ್ತಿರಲಿಲ್ಲ. ಅಥವಾ ಹೊಳೆಯುತ್ತಿತ್ತು, ಗಿರಾಕಿ ಮೆಟ್ಟಿಲಿಳಿದು ಹೋದ ಮೇಲೆ.

ಶಾಲೆಯಲ್ಲಿ ಗಣಿತದ ಟೀಚರು ಸಾಲಾಗಿ ಮಗ್ಗಿ ಕೇಳುತ್ತ ಬರುತ್ತಿದ್ದರು. ಏಳು ಎಂಟಲಿ? ಅವಳಿಗೆ ಗೊತ್ತಿತ್ತು. ಐವತ್ತಾರು ಎಂಬುದು ಎಲ್ಲೋ ಕೆಳಗಿನಿಂದ ಬಾವಿಯ ಕೊಡದಂತೆ ಮೇಲೆ ಬರುತ್ತಿತ್ತು, ಬಾಯಿಯ ಅಂಚಿಗೆ ಬರುವಷ್ಟರಲ್ಲಿ ಟೀಚರು ಪಕ್ಕದ ಬೆಂಚಿಗೆ ಹೋಗಿರುತ್ತಿದ್ದರು. ಒಂದು ದಿನ ಅವಳು ಐವತ್ತಾರು ಎಂದು ಹೇಳಿಯೇಬಿಟ್ಟಳು, ಪಕ್ಕದವಳಿಗೆ ಏಳು ಒಂಬತ್ತಲಿ ಎಂದು ಕೇಳಿದ ಹೊತ್ತಿಗೆ. ಪಕ್ಕದವಳು ಗಾಬರಿಯಲ್ಲಿ ಅದನ್ನೇ ಹೇಳಿ ಪೆಟ್ಟು ತಿಂದಳು. ತಪ್ಪಾದ ಉತ್ತರಕ್ಕಿಂತ ತಪ್ಪಾದ ಹೊತ್ತಿಗೆ ಬಂದ ಸರಿ ಉತ್ತರ ಹೆಚ್ಚು ಕೇಡು ಮಾಡುತ್ತದೆ ಎಂದು ಆ ದಿನ ಅವಳಿಗೆ ಅನ್ನಿಸಿತ್ತು. ಆಮೇಲೆ ಅವಳು ಉತ್ತರ ಹೇಳುವುದನ್ನು ಬಿಟ್ಟಳು, ಎರಡು ವರ್ಷಕ್ಕೆ ಶಾಲೆಯನ್ನೂ. ಬಸ್ಸು ಆಸ್ಪತ್ರೆಯ ಮುಂದೆ ನಿಂತಿತು. ತಲೆಗೆ ಬಟ್ಟೆ ಸುತ್ತಿಕೊಂಡ ಒಬ್ಬ ಇಳಿದ, ಅವನ ಹೆಂಡತಿ ಕೈಯಲ್ಲಿ ಔಷಧಿಯ ಕಾಗದದ ಚೀಲ. ಆ ಚೀಲದಿಂದ ಇವಳಿಗೆ ಕಣ್ಣು ಕೀಳಲಾಗಲಿಲ್ಲ.

ಮಾವ ಇಂಥ ಕೆಲಸಕ್ಕೆ ಹೋದಾಗ ಒಂದು ಸ್ಲೇಟು ಒಯ್ಯುತ್ತಿದ್ದ. ಸ್ಲೇಟಿನ ಮೇಲೆ ಪಟ್ಟಿಯ ನಂಬರು ಬರೆದು ಕೂತವರ ಕೈಗೆ ಕೊಟ್ಟು ತೆಗೆದರೆ ಆಮೇಲೆ ಯಾರ ಮುಖ ಯಾರದೆಂಬ ಗೊಂದಲವೇ ಇಲ್ಲ. ಆವತ್ತು ಆ ಮನೆಗೆ ಅವಳೂ ಒಯ್ದಿದ್ದಳು. ಮೇಟ್ರನ್ ಅದನ್ನು ಕಂಡದ್ದೇ ತಡ ಮುಖ ಗಂಟಿಕ್ಕಿದರು. ಇವರೇನು ಕಳ್ಳರಾ, ಜೈಲಲ್ಲಿ ಹಿಡಿಸಿದ ಹಾಗೆ ನಂಬರು ಹಿಡಿಸ್ತೀಯ, ಇವರಿಗೆ ನೆನಪು ಹೋಗಿರಬಹುದು ಮರ್ಯಾದೆ ಹೋಗಿಲ್ಲ, ನಾನು ಪಟ್ಟಿ ಪ್ರಕಾರ ಒಬ್ಬೊಬ್ಬರನ್ನೇ ಕೂರಿಸ್ತೀನಿ, ನೀನು ಅದೇ ಕ್ರಮದಲ್ಲಿ ತೆಗಿ ಎಂದರು. ಅವರು ಹೇಳಿದ್ದು ಸರಿಯಾಗಿತ್ತು. ಸರಿಯಾದ ಮಾತಿನ ಎದುರು ಅವಳಿಗೆ ಇನ್ನೂ ಕಷ್ಟ. ಸ್ಲೇಟು ಚೀಲಕ್ಕೆ ಹೋಯಿತು.

ಮೊದಲ ಹತ್ತು ಮಂದಿ ಸುಸೂತ್ರ. ಆಮೇಲೆ ಸಾಲು ಸಡಿಲವಾಯಿತು, ಅಡುಗೆಯವರು ಊಟಕ್ಕೆ ತಡವಾಗುತ್ತದೆ ಎಂದು ಎರಡು ಸಲ ಇಣುಕಿದರು, ಮೇಟ್ರನ್ ಪೆನ್ನಿನಿಂದ ಪಟ್ಟಿಯ ರಟ್ಟನ್ನು ಟಕಟಕ ಬಡಿಯತೊಡಗಿದರು. ಕೂತವರು ಕೆಂಪು ದೀಪ ನಿಲ್ಲುವವರೆಗೆ ಕಾಯುವವರಲ್ಲ. ಒಬ್ಬರು ಕೂತ ಕೂಡಲೇ ಎದ್ದು ಕಿಟಕಿಗೆ ಹೋದರು. ಅಂಗಿಯ ಗುಂಡಿಗಳನ್ನು ಹಾಕುತ್ತ ತೆಗೆಯುತ್ತ ಇರುವ ಇನ್ನೊಬ್ಬರಿಗೆ ಗುಂಡಿ ಅಜ್ಜ ಎಂದೇ ಅಲ್ಲಿ ಹೆಸರು, ಅವರು ಕೊನೆಯ ಗುಂಡಿ ಹಾಕುವವರೆಗೆ ತಲೆ ಎತ್ತಲಿಲ್ಲ. ಅವಳು ಮುಖಗಳನ್ನು ನೋಡುವುದು ಬಿಟ್ಟು ದೀಪವನ್ನು ಮಾತ್ರ ನೋಡತೊಡಗಿದಳು. ಮಿಣುಕು, ಮಿಣುಕು, ನಿಂತಿತು, ಒತ್ತು. ಹೆಸರುಗಳು ಕಿವಿಯ ಪಕ್ಕದಲ್ಲೇ ಹಾದುಹೋದವು, ಒಂದೂ ಒಳಗಿಳಿಯಲಿಲ್ಲ. ಆಗ ಬೂದು ಬಣ್ಣದ ಸ್ವೆಟರಿನ ಒಬ್ಬ ಅಜ್ಜಿ ಬಂದು ಕೂತರು. ಸ್ವೆಟರಿನ ತೋಳು ಬೆರಳಿನವರೆಗೂ ಇಳಿದಿತ್ತು. ಹೇಳದೆಯೇ ಬೆನ್ನು ನೆಟ್ಟಗೆ ಮಾಡಿ, ಯಾವ ಕಾಲದಲ್ಲೋ ಯಾರೋ ಕಲಿಸಿದ ಹಾಗೆ ಗಲ್ಲ ಸ್ವಲ್ಪ ಇಳಿಸಿ, ನಗು ಮಾಡಿಕೊಂಡರು. ಅವಳು ಒತ್ತಿದಳು. ದೀಪ ಇನ್ನೂ ಮಿಣುಕುತ್ತಿತ್ತು. ಅದು ಹಿಂದಿನವರ ಮಿಣುಕು. ಮತ್ತೆ ಒತ್ತಿದಳು. ಕಲ್ಲು. ಅಜ್ಜಿಯ ನಗು ಅಲ್ಲೇ ಇತ್ತು, ಕೊಟ್ಟದ್ದನ್ನು ಯಾರೂ ತೆಗೆದುಕೊಳ್ಳದೆ ಚಾಚಿದ ಕೈ ಚಾಚಿದಂತೇ ಉಳಿದ ಹಾಗೆ.

"ಆಯ್ತಲ್ಲ?" ಎಂದರು ಮೇಟ್ರನ್, ಪಟ್ಟಿಯಿಂದ ತಲೆ ಎತ್ತದೆ.

ಇಲ್ಲ ಎನ್ನುವುದಕ್ಕೆ ಒಂದು ಉಸಿರು ಸಾಕಿತ್ತು. ಆದರೆ ಇಲ್ಲ ಎಂದರೆ ಯಾಕೆ ಎನ್ನುತ್ತಾರೆ, ಯಾಕೆ ಎಂದರೆ ಕ್ಯಾಮೆರಾದ ಕಥೆ ಹೇಳಬೇಕು, ಆ ಕಥೆ ಹೇಳುವಷ್ಟು ಹೊತ್ತು ಅವರ ಪೆನ್ನು ಗಾಳಿಯಲ್ಲಿ ನಿಂತು ಕಾಯುತ್ತದೆ.

"ಹೂಂ," ಎಂದಳು.

ಅಜ್ಜಿ ಎದ್ದರು. ಕೊನೆಗೆ ಅವರನ್ನು ಹುಡುಕಿ ತೆಗೆದುಬಿಟ್ಟರಾಯಿತು ಎಂದುಕೊಂಡಳು. ಕೊನೆ ಬಂದಾಗ ಎಲ್ಲರೂ ಊಟದ ಕೋಣೆಗೆ ಹೋಗಿದ್ದರು, ಅಡುಗೆಯವರು ಬಾಗಿಲು ಹಾಕಿಕೊಂಡಿದ್ದರು, ಹೊರಗಿನವರು ಒಳಗೆ ಬರಬಾರದೆಂದು ಬಾಗಿಲ ಮೇಲೆ ಬರೆದಿತ್ತು. ಆ ಬರಹದ ಮುಂದೆ ಅವಳು ಸ್ವಲ್ಪ ಹೊತ್ತು ನಿಂತಿದ್ದಳು. ನಿಂತದ್ದು ನಿಜ. ತಟ್ಟಲಿಲ್ಲ ಎಂಬುದೂ ನಿಜ.

ಸ್ಟುಡಿಯೋದ ಕಂಪ್ಯೂಟರಿನಲ್ಲಿ ಫೋಟೋಗಳು ಒಂದರ ಹಿಂದೆ ಒಂದು ಬಂದು ಕೂತವು, ಮೂವತ್ತೊಂದು. ತೆಗೆಯದೆ ಬಿಟ್ಟದ್ದಕ್ಕೆ ಕ್ಯಾಮೆರಾ ಒಂದು ನಂಬರನ್ನೂ ಖಾಲಿ ಬಿಟ್ಟಿರಲಿಲ್ಲ. ಬಿಟ್ಟ ಜಾಗ ಎಲ್ಲಿ? ಗುಂಡಿ ಅಜ್ಜನ ಹಿಂದೆಯಾ, ಕಿಟಕಿಗೆ ಹೋದವರ ಹಿಂದೆಯಾ, ಇನ್ನೂ ಮುಂದೆಯಾ? ಹದಿನೈದೋ, ಹತ್ತೊಂಬತ್ತೋ, ಇಪ್ಪತ್ತೊಂದೋ. ಪಟ್ಟಿಯಲ್ಲಿದ್ದದ್ದು ಇನಿಷಿಯಲ್ಲು, ಮನೆತನದ ಹೆಸರು ಅಷ್ಟೇ, ಗಂಡೋ ಹೆಣ್ಣೋ ಎಂದು ಕೂಡ ಅದರಿಂದ ತಿಳಿಯುವಂತಿರಲಿಲ್ಲ. ಪಟ್ಟಿಯ ಕ್ರಮದಲ್ಲಿ ಅಂಟಿಸುತ್ತ ಹೋದರೆ ಆ ಜಾಗದಿಂದ ಮುಂದಕ್ಕೆ ಪ್ರತಿಯೊಂದು ಹೆಸರಿನ ಮೇಲೂ ಮುಂದಿನವರ ಮುಖ. ಇವರ ಡಬ್ಬಿ ಅವರಿಗೆ, ಅವರದು ಇನ್ನೊಬ್ಬರಿಗೆ, ಕೊನೆಯವರೆಗೂ. ಇದನ್ನು ಅವಳು ಅಂಟಿನ ಬಾಟಲಿ ಹಿಡಿದು ಕೂತಾಗ ಪೂರ್ತಿ ಅರ್ಥ ಮಾಡಿಕೊಂಡಿದ್ದಳು, ಅದೇ ಅವಳ ಭಯ. ಗೊತ್ತಿಲ್ಲದೆ ಮಾಡಿದೆ ಎನ್ನುವ ಹಾಗಿರಲಿಲ್ಲ. ಗೊತ್ತಿದ್ದೂ ಬೆರಳು ಒಂದೊಂದೇ ಮುಖವನ್ನು ಎತ್ತಿ, ಚೌಕದೊಳಗೆ ಇಟ್ಟು, ಅಂಚು ಒತ್ತಿತು. ಮನೆಯಲ್ಲಿ ಅಮ್ಮ ಯಾಕೆ ಊಟ ಬಿಟ್ಟೆ ಎಂದು ಕೇಳಿದಾಗ ಹಲ್ಲು ನೋವು ಎಂದಳು. ಕೊನೆಯ ಕಾರ್ಡು ಖಾಲಿ ಉಳಿದಾಗ ಮಾವ, ಇದ್ಯಾಕೆ ಎಂದ. ಕೊನೆಯದು ಹಾಳಾಯಿತು, ಅಲ್ಲಾಡಿಬಿಟ್ಟರು ಎಂದಳು. ಈ ಉತ್ತರ ಮಾತ್ರ ತಡವಾಗದೆ ಬಂತು, ಎಣ್ಣೆ ಹಚ್ಚಿದ ಹಾಗೆ. ಮಾವ ಡಬ್ಬಾ ಕ್ಯಾಮೆರಾವನ್ನು ಬೈದ, ಅವಳನ್ನು ಬೈಯಲಿಲ್ಲ. ಇವತ್ತು ಬೆಳಿಗ್ಗೆ ಮೂವತ್ತೊಂದು ಕಾರ್ಡನ್ನು ತಾನೇ ಸ್ಕೂಟರಿನಲ್ಲಿ ಕೊಟ್ಟುಬಂದು, ಮಧ್ಯಾಹ್ನ ನೀನು ಹೋಗಿ ಆ ಕೊನೆಯವರದ್ದು ತೆಗೆದುಕೊಂಡು ಬಾ, ನಾಳೆ ಅಂಟಿಸಿ ಕಳಿಸೋಣ ಎಂದ.

ಬಸ್ಸಿಳಿದು ಗೇಟಿನವರೆಗೆ ನಡೆಯುವಾಗ ಅವಳು ಹೇಳಬೇಕಾದದ್ದನ್ನು ತುಟಿಯಲ್ಲೇ ಕಟ್ಟಿಕೊಂಡಳು. ಮೇಟ್ರನ್ ಮೇಡಂ, ನನ್ನಿಂದ ಒಂದು ತಪ್ಪಾಗಿದೆ. ಅಷ್ಟು ಸಾಕು. ಅವರು ಬೈಯುತ್ತಾರೆ, ಪಟ್ಟಿ ತರುತ್ತಾರೆ, ಇದು ಇವರು ಇದು ಅವರು ಎಂದು ಐದು ನಿಮಿಷದಲ್ಲಿ ಸರಿಮಾಡುತ್ತಾರೆ. ಮೇಟ್ರನ್ ಮೇಡಂ, ನನ್ನಿಂದ. ಪಾಚಿ ಕಟ್ಟಿದ ಗೋಡೆ, ಗೋಡೆಯ ಮೇಲೆ ಒಣಗಲು ಹಾಕಿದ ನೆಲ ಒರೆಸುವ ಬಟ್ಟೆಗಳು, ಫಿನಾಯಿಲಿನ ವಾಸನೆ. ಬಾಗಿಲು ತೆರೆದದ್ದು ಮೇಟ್ರನ್ ಅಲ್ಲ. ನಡುವಯಸ್ಸಿನ, ಗಟ್ಟಿ ಮೈಕಟ್ಟಿನ, ಗಡಿಯಾರವನ್ನು ಅಂಗಿಗೆ ಪಿನ್ನಿನಿಂದ ತೂಗುಹಾಕಿಕೊಂಡ ಹೊಸ ನರ್ಸು.

ಮೇಟ್ರನ್ ಬೆಳಗಿನ ಮಾತ್ರೆಗಳನ್ನು ತಾವೇ ಕೊಟ್ಟು, ಬಂದ ಕಾರ್ಡುಗಳನ್ನು ಬಿಚ್ಚಿ ನೋಡುವ ಬಿಡುವೂ ಇಲ್ಲದೆ ಒಂಬತ್ತು ಗಂಟೆಗೆ ಊರಿಗೆ ಹೊರಟರಂತೆ. ಅವರ ಅಕ್ಕನಿಗೆ ಹುಷಾರಿಲ್ಲವಂತೆ. ವಾರ ಆಗುತ್ತದೆ ಬರುವುದು. ನರ್ಸು ಮಾತಾಡುತ್ತಲೇ ಅವಳನ್ನು ಒಳಗೆ ಕರೆದುಕೊಂಡು ಹೋದರು. ಕಟ್ಟಿಕೊಂಡಿದ್ದ ವಾಕ್ಯದ ಮೊದಲ ಮಾತೇ ಕಳಚಿಬಿದ್ದಿತ್ತು, ಉಳಿದದ್ದನ್ನು ಯಾವುದಕ್ಕೆ ನೇತುಹಾಕುವುದೆಂದು ತಿಳಿಯದೆ ಅವಳು ಹಿಂದೆ ನಡೆದಳು.

ಉದ್ದನೆಯ ಹಜಾರ. ಗೋಡೆಯ ಉದ್ದಕ್ಕೂ ಕುರ್ಚಿಗಳು, ಕುರ್ಚಿಗಳಲ್ಲಿ ಅವರು. ನಡುವೆ ಮೇಜಿನ ಮೇಲೆ ಮೂವತ್ತೆರಡು ಡಬ್ಬಿ, ಮೂವತ್ತೊಂದರ ಮೇಲೆ ಅವಳು ಅಂಟಿಸಿದ ಮುಖಗಳು. ಅಡುಗೆಯವರು ಬಾಗಿಲಲ್ಲಿ ನಿಂತು ಕೈ ಒರೆಸಿಕೊಳ್ಳುತ್ತಿದ್ದರು. ಇವರನ್ನ ಕೇಳಿ ಪ್ರಯೋಜನ ಇಲ್ಲ ಎಂದು ನರ್ಸು ಅವರನ್ನು ತಲೆಯಲ್ಲೇ ತೋರಿಸಿ ನಕ್ಕರು; ಆರು ವರ್ಷದಿಂದ ಬಡಿಸ್ತಿದ್ದಾರೆ, ಒಬ್ಬರ ಹೆಸರೂ ಗೊತ್ತಿಲ್ಲ. ಅಡುಗೆಯವರು ಬಿಟ್ಟುಕೊಡಲಿಲ್ಲ. ಯಾಕೆ ಗೊತ್ತಿಲ್ಲ ಸಿಸ್ಟರಮ್ಮ, ಇವರು ಮೇಷ್ಟ್ರು, ಇವರು ಗುಂಡಿ ಅಜ್ಜ, ಅವರು ರೇಡಿಯೋ, ದಿನವಿಡೀ ಮಾತು, ಆ ಮೂಲೆಯಲ್ಲಿರೋರು ಇನ್ಸ್‌ಪೆಕ್ಟರು, ನನ್ನ ಸಾಂಬಾರಿಗೆ ದಿನಾ ಒಂದು ಕೇಸು ಹಾಕ್ತಾರೆ ಎಂದರು. ಕಾರ್ಡಿನಲ್ಲಿ ಮೇಷ್ಟ್ರು ಅಂತ ಬರೆದಿಲ್ಲವಲ್ಲ ಎಂದರು ನರ್ಸು. ಬರೆದಿರೋ ಹೆಸರು ಇವರನ್ನ ಹೆತ್ತೋರಿಗೇ ಗೊತ್ತು, ನನಗೆಲ್ಲಿಂದ ಗೊತ್ತು ಎಂದು ಅಡುಗೆಯವರು ಒಳಗೆ ಹೋದರು.

ಆಮೇಲೆ ನರ್ಸು ಹೊಗಳತೊಡಗಿದರು. ಎಷ್ಟು ಒಳ್ಳೆ ಕೆಲಸ ಮಾಡಿದ್ದೀಯ ಗೊತ್ತಾ, ಇದಿಲ್ಲದೆ ಹೋಗಿದ್ರೆ ನಾನು ಕಣ್ಣು ಕಟ್ಟಿಕೊಂಡು ನಡೆಯೋ ಹಾಗಿರೋದು. ಒಂದೊಂದು ಡಬ್ಬಿ ತೋರಿಸಿದರು. ಇದು ರಕ್ತ ತೆಳು ಮಾಡೋದು. ಇದು ಸಕ್ಕರೆ ಕಾಯಿಲೆಗೆ. ಸಕ್ಕರೆ ಇಲ್ಲದವರಿಗೆ ಕೊಟ್ಟರೆ ಸಂಜೆಯೊಳಗೆ ಎಚ್ಚರ ತಪ್ಪಿ ಬೀಳ್ತಾರೆ. ಇದು ಫಿಟ್ಸ್ ಬರೋರಿಗೆ, ಒಂದು ಹೊತ್ತು ತಪ್ಪಿಸೋ ಹಾಗಿಲ್ಲ. ಮುಖಗಳು ಅವಳನ್ನೇ ನೋಡುತ್ತಿದ್ದವು, ಚೌಕದ ಮುಖಗಳೂ ಕುರ್ಚಿಯ ಮುಖಗಳೂ. ಫಿಟ್ಸಿನ ಡಬ್ಬಿಯ ಮೇಲೆ ಇದ್ದದ್ದು ಕನ್ನಡಕದ ಒಬ್ಬರು, ಆ ಕನ್ನಡಕದವರು ಎದುರಿಗೆ ಕೂತು ಮೊಣಕಾಲು ಸವರಿಕೊಳ್ಳುತ್ತಿದ್ದರು. ನಿಜವಾಗಿ ಫಿಟ್ಸು ಬರುವವರು ಇವರಾ, ಇವರ ಹಿಂದಿನವರಾ? ಪಿನ್ನಿನ ಗಡಿಯಾರದಲ್ಲಿ ಎರಡಕ್ಕೆ ಹತ್ತು ನಿಮಿಷವಿತ್ತು. ಎರಡಕ್ಕೆ ಮಾತ್ರೆಯ ಹೊತ್ತು.

"ಒಂದೇ ಒಂದು ಡಬ್ಬಿ ಮುಖ ಇಲ್ದೆ ಉಳೀತು," ಎಂದರು ನರ್ಸು. "ಬೆಳಿಗ್ಗೆಯಿಂದ ಕೂತು ಒಬ್ಬೊಬ್ಬರನ್ನೇ ಹೊಂದಿಸಿ ನೋಡಿದೆ. ಒಂದು ಅಜ್ಜಿ ಡಬ್ಬಿ ಇಲ್ದೆ ಉಳಿದ್ರು. ಅಲ್ಲಿಗೆ ಸರಿಹೋಯ್ತು. ತೆಗೆದುಬಿಡು, ಇವರೇ ನಿನ್ನ ಕೊನೆಯವರು."

ಕೈ ಹಿಡಿದು ಅವರು ಕರೆತಂದದ್ದು ಬೂದು ಸ್ವೆಟರಿನ ಅಜ್ಜಿಯನ್ನು.

ಅವಳಿಗೆ ಆ ಕ್ಷಣ ಎಲ್ಲವೂ ಎಷ್ಟು ಚೆನ್ನಾಗಿ ಕೂಡಿಕೊಳ್ಳುತ್ತದೆ ಎಂಬುದು ಕಂಡಿತು. ಈ ಅಜ್ಜಿಯ ಮುಖವನ್ನು ತೆಗೆದು ಆ ಖಾಲಿ ಕಾರ್ಡಿಗೆ ಅಂಟಿಸಿದರೆ ಮೂವತ್ತೆರಡು ಹೆಸರಿಗೆ ಮೂವತ್ತೆರಡು ಮುಖ. ಎಲ್ಲೂ ಒಂದು ಕಡಿಮೆಯಿಲ್ಲ, ಒಂದು ಹೆಚ್ಚಿಲ್ಲ. ಅವಳು ಹೇಳಿದ್ದ ಸುಳ್ಳು ಯಾರ ಕಣ್ಣಿಗೂ ಸುಳ್ಳಾಗಿ ಕಾಣುವುದೇ ಇಲ್ಲ. ಈ ಕುರ್ಚಿಗಳಲ್ಲಿ ಕೂತ ಯಾರೂ ಎದ್ದು ನಿಂತು ಅದು ನಾನಲ್ಲ ಎನ್ನಲಾರರು. ಯಾರಾದರೂ ಬಿದ್ದರೆ, ವಯಸ್ಸಾಗಿತ್ತು ಎನ್ನುತ್ತಾರೆ. ಮಾವನಿಗೆ ಗೊತ್ತಾಗುವುದಿಲ್ಲ. ಅಮ್ಮನಿಗೆ ಗೊತ್ತಾಗುವುದಿಲ್ಲ. ವಾರ ಕಳೆದು ಮೇಟ್ರನ್ ಬಂದು ನೋಡುವ ಹೊತ್ತಿಗೆ, ನೋಡಿದರೆ. ಇಷ್ಟು ಸುಲಭವೇ ಎಂದುಕೊಂಡಳು. ಬೈಗುಳಕ್ಕೆ ಅವಳು ಮೂರು ದಿನದಿಂದ ಹೆದರಿದ್ದಳು. ಈಗ ಬೈಯುವವರೇ ಇಲ್ಲ, ಈ ಹೆದರಿಕೆ ಅದಕ್ಕಿಂತ ದೊಡ್ಡದಾಗಿತ್ತು.

ಬಿಳಿ ಬಟ್ಟೆ ಕಟ್ಟಿದಳು. ಕೈಗಳಿಗೆ ಕೆಲಸ ಗೊತ್ತಿತ್ತು, ಅವು ಮಾಡಿದವು. ಅಜ್ಜಿ ಸ್ಟೂಲಿನ ಮೇಲೆ ಬೆನ್ನು ನೆಟ್ಟಗೆ ಮಾಡಿ ಗಲ್ಲ ಇಳಿಸಿ ನಕ್ಕರು. ಒತ್ತಿದಳು. ಪರದೆ ಕಪ್ಪಾಯಿತು, ದೀಪ ಮಿಣುಕಿತು. ಹಿಂದೆ ನರ್ಸು ಸಣ್ಣ ಬಟ್ಟಲುಗಳಿಗೆ ಮಾತ್ರೆ ಹಾಕುವ ಸದ್ದು ಕೇಳುತ್ತಿತ್ತು, ಟಿಕ್, ಟಿಕ್, ಒಂದೊಂದು ಬಟ್ಟಲಿಗೆ ಒಂದೊಂದು. ಬಾವಿಯಿಂದ ಕೊಡ ಮೇಲೆ ಬರುತ್ತಿತ್ತು. ಅದು ಅಂಚಿಗೆ ಬರುವವರೆಗೆ ನರ್ಸು ಕಾಯುವುದಿಲ್ಲ, ಪಕ್ಕದ ಬೆಂಚಿಗೆ ಹೋಗಿಬಿಡುತ್ತಾರೆ, ಮೊದಲ ಬಟ್ಟಲು ಎತ್ತಿಯೇಬಿಟ್ಟರು. ಅವಳು ಮಾತಿಗೆ ಕಾಯಲಿಲ್ಲ. ಹೋಗಿ ಆ ಬಟ್ಟಲಿನ ಮೇಲೆ ಅಂಗೈ ಮುಚ್ಚಿದಳು.

ನರ್ಸು ಅವಳ ಕೈಯನ್ನೂ ಅವಳ ಮುಖವನ್ನೂ ನೋಡಿದರು. "ಏನಿದು?"

ಅವಳು ಕೈ ತೆಗೆಯಲಿಲ್ಲ.

"ಏನು ಅಂತ ಹೇಳಮ್ಮ. ನನಗೆ ಹೊತ್ತಾಗತ್ತೆ."

"ಇವರು ಕೊನೆಯವರಲ್ಲ," ಎಂದಳು. "ಮಧ್ಯದಲ್ಲಿ ಬಂದ್ರು. ನಾನು ಆವತ್ತು ಇವರ ಫೋಟೋ ತೆಗೀಲಿಲ್ಲ. ತೆಗೆದೆ ಅಂತ ಹೇಳಿದೆ."

ನರ್ಸಿನ ಕಣ್ಣು ಅಜ್ಜಿಯಿಂದ ಡಬ್ಬಿಗಳಿಗೆ ಹೋಗಿ, ಡಬ್ಬಿಗಳ ಸಾಲಿನ ಉದ್ದಕ್ಕೂ ನಿಧಾನವಾಗಿ ಸರಿಯಿತು. ಎಲ್ಲಿಂದ ತಪ್ಪಿದೆ ಎಂದು ಕೇಳಿದರು, ದನಿ ಏರಿಸಲಿಲ್ಲ.

"ಹದಿನಾಲ್ಕರವರೆಗೆ ಸರಿ ಇದೆ ಅನ್ಸತ್ತೆ."

"ಅನ್ಸತ್ತೆ ಅನ್ನೋದನ್ನ ನಂಬಿ ಮಾತ್ರೆ ಕೊಡೋಕಾಗಲ್ಲ. ಗೊತ್ತಾ, ಇಲ್ವಾ?"

ಗೊತ್ತು ಎಂದುಬಿಟ್ಟರೆ ಅರ್ಧದಷ್ಟಾದರೂ ಜನಕ್ಕೆ ಮಾತ್ರೆ ಸಿಗುತ್ತದೆ, ತಪ್ಪು ಅರ್ಧಕ್ಕೆ ಇಳಿಯುತ್ತದೆ. ಆ ಹೂಂ ಮತ್ತೆ ನಾಲಿಗೆಯ ತುದಿಯಲ್ಲೇ ಬಂದು ಕೂತಿತ್ತು.

"ಗೊತ್ತಿಲ್ಲ," ಎಂದಳು.

ನರ್ಸು ಬಟ್ಟಲುಗಳನ್ನು ಒಂದರೊಳಗೊಂದು ಬೀಳದ ಹಾಗೆ ತಟ್ಟೆಯ ಸಮೇತ ಎತ್ತಿ ಕಪಾಟಿನಲ್ಲಿಟ್ಟು ಬೀಗ ಹಾಕಿದರು. ಮೇಟ್ರನ್‌ಗೆ ಫೋನು ಮಾಡಿದರು. ಅದು ಹೊಡೆದುಕೊಂಡು ಹೊಡೆದುಕೊಂಡು ನಿಂತಿತು. ಬಸ್ಸಿನಲ್ಲಿರ್ತಾರೆ, ಫೋನು ಚೀಲದ ತಳದಲ್ಲಿ ಬಟ್ಟೆ ಕೆಳಗಿರತ್ತೆ, ಇಳಿದ ಮೇಲೇ ನೋಡೋದು, ಇಳಿಯೋದು ಐದಕ್ಕೆ ಎಂದರು ಅಡುಗೆಯವರು, ಈಗ ಅವರ ದನಿಯಲ್ಲಿ ತಮಾಷೆಯಿರಲಿಲ್ಲ. ನರ್ಸು ಡಾಕ್ಟರಿಗೆ ಫೋನು ಮಾಡಿ, ಬೆನ್ನು ತಿರುಗಿಸಿ ಬಹಳ ಹೊತ್ತು ಮಾತಾಡಿದರು. ನಡುನಡುವೆ ಹೌದು ಡಾಕ್ಟ್ರೇ, ಫೋಟೋ ತೆಗೆಯೋ ಹುಡುಗಿ, ಹೌದು ಎಂದದ್ದು ಕೇಳಿತು. ಆ ಹೌದುಗಳ ಕೆಳಗೆ ಅವಳು ಚಿಕ್ಕದಾಗುತ್ತ ಹೋದಳು. ಓಡಿಹೋಗಬಹುದಿತ್ತು, ಬಾಗಿಲು ತೆರೆದೇ ಇತ್ತು, ಹೊರಗೆ ಬಿಸಿಲು ಹಾಯಾಗಿ ಬಿದ್ದುಕೊಂಡಿತ್ತು.

ತಿರುಗಿದಾಗ ನರ್ಸು ಬೈಯುವುದಕ್ಕೂ ಬಿಡುವಿಲ್ಲದವರ ಹಾಗಿದ್ದರು. ಮೇಟ್ರನ್ ಸಿಗುವವರೆಗೆ ಯಾರಿಗೂ ಏನೂ ಕೊಡುವ ಹಾಗಿಲ್ಲ. ಆದರೆ ಇವರಲ್ಲಿ ಯಾರೋ ಒಬ್ಬರಿಗೆ ಫಿಟ್ಸಿನ ಮಾತ್ರೆ ಈ ಹೊತ್ತಿಗೆ ಒಳಗೆ ಹೋಗಬೇಕಿತ್ತು. ಯಾರೆಂದು ಅಡುಗೆಯವರಿಗೂ ಗೊತ್ತಿಲ್ಲ, ಹಾಗಾಗಿ ಮೂವತ್ತೆರಡು ಜನರನ್ನೂ ಕಾಯಬೇಕು. ನಾನು ಈ ಕಡೆಯ ಹದಿನಾರು, ನೀನು ಆ ಕಡೆಯ ಹದಿನಾರು ಎಂದರು. ಒಂದು ಕೈ ನಡುಗಿದರೆ, ಕಣ್ಣು ಒಂದೇ ಕಡೆ ನಿಂತರೆ, ಬಾಯಿ ಸೊಟ್ಟಗಾದರೆ.

"ಕೂಗಬೇಕು. ಕೂಗೋಕೆ ಬರತ್ತಾ ನಿನಗೆ?"

ಅವಳು ಬರುತ್ತದೆ ಎಂಬಂತೆ ತಲೆಯಾಡಿಸಿದಳು.

ಕುರ್ಚಿ ಎಳೆದು ಕೂತಳು. ಮೂರು ದಿನದ ಹಿಂದೆ ಇದೇ ಮುಖಗಳು ಅವಳ ಎದುರು ಒಂದೊಂದಾಗಿ ಬಂದು ಹೋಗಿದ್ದವು, ಒಂದನ್ನೂ ಅವಳು ನೋಡಿರಲಿಲ್ಲ. ಈಗ ನೋಡಿದಳು. ಮೇಷ್ಟ್ರ ಎಡಗಣ್ಣಿನ ರೆಪ್ಪೆ ತಾನಾಗಿ ಅದುರುತ್ತಿತ್ತು, ಅದು ಯಾವಾಗಲೂ ಹಾಗೆಯೇ ಇರುವುದಾ? ಗುಂಡಿ ಅಜ್ಜನ ಬೆರಳು ಮೂರನೇ ಗುಂಡಿಯ ಮೇಲೆ ನಿಂತಿತ್ತು, ನಿಂತಿದೆಯಾ, ಇಲ್ಲ, ಹೊರಳಿತು. ಒಬ್ಬರು ಗಟ್ಟಿಯಾಗಿ ನುಂಗಿದರು. ಒಬ್ಬರು ಬಹಳ ಹೊತ್ತಿನಿಂದ ರೆಪ್ಪೆ ಮಿಟುಕಿಸಿರಲಿಲ್ಲ. ಒಂದು ಮುಖದಿಂದ ಇನ್ನೊಂದಕ್ಕೆ ಹೋಗುವ ನಡುವಿನ ಆ ಒಂದಿಷ್ಟು ಹೊತ್ತಿನಲ್ಲಿ ಉಳಿದ ಹದಿನೈದು ಮುಖಗಳು ಏನು ಮಾಡುತ್ತಿರುತ್ತವೆ? ಯಾವುದನ್ನು ನೋಡಿದರೂ ಉಳಿದದ್ದನ್ನು ಬಿಟ್ಟಂತೆ. ಗೋಡೆಯ ಗಡಿಯಾರ ಅವಳ ಬೆನ್ನ ಹಿಂದಿತ್ತು. ಮೂರಾಯಿತು ಎಂದು ಯಾರೋ ಹೇಳಿದರು. ನರ್ಸು ಆ ಬದಿಯಿಂದ ಮತ್ತೆ ಫೋನು ಒತ್ತಿದರು, ಅದು ಮತ್ತೆ ಹೊಡೆದುಕೊಂಡು ನಿಂತಿತು. ಬೂದು ಸ್ವೆಟರಿನ ಅಜ್ಜಿ ಅವಳ ಪಕ್ಕದ ಕುರ್ಚಿಯಲ್ಲೇ ತೂಕಡಿಸುತ್ತಿದ್ದರು, ತೂಕಡಿಕೆಯೋ ಎಚ್ಚರ ತಪ್ಪಿದ್ದೋ ಎಂದು ಅವಳು ಸ್ವೆಟರಿನ ತೋಳಿನೊಳಗೆ ಬೆರಳು ತೂರಿಸಿ ಮಣಿಕಟ್ಟು ಹಿಡಿದುಕೊಂಡಳು. ಬೆಚ್ಚಗಿತ್ತು.

ಕನ್ನಡಕದವರ ಬಲಗೈ ಮೊಣಕಾಲಿನಿಂದ ಒಂದು ಬೆರಳಷ್ಟು ಮೇಲೆದ್ದಿತು. ಗಾಳಿಯಲ್ಲಿ ನಿಂತಿತು. ಅದುರಿತೋ ಇಲ್ಲವೋ ಖಚಿತವಿರಲಿಲ್ಲ.

"ಸಿಸ್ಟರ್!"

ತನ್ನ ದನಿ ಅಷ್ಟು ದೊಡ್ಡದಿದೆ ಎಂದು ಅವಳಿಗೆ ಗೊತ್ತಿರಲಿಲ್ಲ. ಹಜಾರದ ಅಷ್ಟೂ ತಲೆಗಳು ತಮ್ಮನ್ನೇ ಕರೆದ ಹಾಗೆ ತಿರುಗಿದವು. ನರ್ಸು ಓಡಿ ಬಂದು ಮಂಡಿಯೂರಿ ಆ ಕೈ ಹಿಡಿದರು, ಕನ್ನಡಕ ತೆಗೆದು ಕಣ್ಣು ನೋಡಿದರು, ನಾಡಿ ಎಣಿಸಿದರು. ಕನ್ನಡಕದವರು ತಾಳ್ಮೆಯಿಂದ ಎಲ್ಲವನ್ನೂ ಮಾಡಿಸಿಕೊಂಡು, ಮೊಣಕಾಲಿನ ಮೇಲಿನ ನೊಣ ಹಾರಿಹೋಯಿತು ಎಂದರು.

ಅವಳ ಕಿವಿ ಬಿಸಿಯಾಯಿತು. ನರ್ಸು ಏಳುವ ಮೊದಲು ಅವಳ ಕುರ್ಚಿಯ ಕೈ ಹಿಡಿದು ಒಂದು ಕ್ಷಣ ಉಸಿರು ತೆಗೆದುಕೊಂಡರು.

"ಪರವಾಗಿಲ್ಲ. ನೂರು ಸಲ ತಪ್ಪಾಗಲಿ, ಹೀಗೇ ಕೂಗ್ತಿರು," ಎಂದು ತಮ್ಮ ಬದಿಗೆ ಓಡಿದರು.

ಅಷ್ಟರಲ್ಲಿ ಅವಳು ಕಣ್ಣನ್ನು ಆಗಲೇ ಮೇಷ್ಟ್ರಿಗೆ, ಮೇಷ್ಟ್ರಿಂದ ಗುಂಡಿ ಅಜ್ಜನಿಗೆ, ಅಲ್ಲಿಂದ ಮುಂದಿನವರಿಗೆ ಒಯ್ದಾಗಿತ್ತು. ಆರನೇ ಕುರ್ಚಿಯಲ್ಲಿ ಒಂದು ತಲೆ ಎದೆಯ ಮೇಲೆ ಸ್ವಲ್ಪ ವಾಲಿದಂತೆ ಕಂಡಿತು. ಅವಳು ಬಾಯಿ ತೆರೆದಳು.